ಅಳಿಯನ ಮುಂದೆ ಹೇಳದ ನೋವು

ನನ್ನ ಹೆಂಡತಿಯ ತಾಯಿ ನಮ್ಮ ಜೊತೆ ಇರಲು ಬಂದು ಎಷ್ಟೋ ವರ್ಷಗಳಾದರೂ ನನ್ನ ಎದುರು ಸೋಫಾಕ್ಕೆ ಒರಗಿ ಕೂತದ್ದನ್ನು ನಾನು ನೋಡಿಲ್ಲ. ನಾನು ಹಾಲ್‌ಗೆ ಬಂದರೆ ಎದ್ದು ನಿಲ್ಲುತ್ತಾರೆ. "ಕೂತ್ಕೊಳ್ಳಿ ಅತ್ತೆ" ಎಂದರೆ ತುದಿಯಲ್ಲಿ ಕೂತ ಹಾಗೆ ಮಾಡಿ, ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಅಡುಗೆಮನೆಗೆ ಹೊರಟುಬಿಡುತ್ತಾರೆ. ನನ್ನನ್ನು ಏನಾದರೂ ಕೇಳಬೇಕಿದ್ದರೆ ಮಗಳ ಮುಖ ನೋಡಿ ಕೇಳುತ್ತಾರೆ: "ಅವರಿಗೆ ಇನ್ನೊಂದು ಚಪಾತಿ ಹಾಕ್ಲಾ ಕೇಳು." ಅವರು ಎಂದರೆ ಅದೇ ಮೇಜಿನಲ್ಲಿ ಕೂತು ತಿನ್ನುತ್ತಿರುವ ನಾನು.

ಮೈಸೂರಿನ ಹಳೆಯ ಕಾಲದವರು. ಮಂಟಪದಲ್ಲಿ ಕಾಲು ತೊಳೆದು ಮಗಳನ್ನು ಕೊಟ್ಟ ಮೇಲೆ ಅಳಿಯ ಎಂದರೆ ಸಾಯುವ ತನಕ ಮರ್ಯಾದೆಗೆ ಪಾತ್ರನಾದ ಅತಿಥಿ. ಹೆಂಡತಿ ಇದನ್ನು ನೋಡಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಆದರೆ ನಿಜ ಹೇಳುತ್ತೇನೆ, ನನಗದು ಹಿತವಾಗಿಯೇ ಇತ್ತು. ಆಫೀಸಿನಲ್ಲಿ ನಿನ್ನೆ ಮೊನ್ನೆ ಸೇರಿದ ಹುಡುಗರು ಕೂಡ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ನಾನು ಬಂದರೆ ಕುರ್ಚಿಯಲ್ಲಿ ಕದಲುವುದಿಲ್ಲ. ಇಡೀ ಟೆಕ್ಸಸ್‌ನಲ್ಲಿ ನಾನು ಬಂದರೆ ಎದ್ದು ನಿಲ್ಲುವ ಜೀವ ಅದೊಂದೇ.

ಆ ಎದ್ದು ನಿಲ್ಲುವುದೇ ಅವರಿಗೆ ಕಷ್ಟವಾಗುತ್ತಿದೆ ಎಂದು ಗೊತ್ತಾಗುವುದಕ್ಕೆ ನನಗೆ ಬಹಳ ಕಾಲ ಬೇಕಾಯಿತು. ನಮ್ಮವರ ಅಂಗಡಿಗಳಿರುವ ಕ್ಯಾರಲ್ಟನ್ನಿಗೆ ತರಕಾರಿ ತರಲು ಹೊರಟರೆ ಎಲ್ಲರಿಗಿಂತ ಮೊದಲು ಅತ್ತೆ ಕಾರಿನಲ್ಲಿ ಕೂತಿರುತ್ತಿದ್ದರು. ನುಗ್ಗೇಕಾಯಿ, ಬದನೆಕಾಯಿ ಆರಿಸುವ ಆಸೆ ಎಂದುಕೊಂಡಿದ್ದೆ. ಹೆಂಡತಿಗೆ ಒಂದು ದಿನ ಹೊಳೆಯಿತು: ಅಂಗಡಿಯ ತಳ್ಳುಗಾಡಿಯ ಮೇಲೆ ಭಾರ ಬಿಟ್ಟು ನಡೆದರೆ ಕುಂಟುವುದು ಯಾರಿಗೂ ಕಾಣುವುದಿಲ್ಲ, ಅದಕ್ಕೇ ಆ ಆಸೆ. ಎಕ್ಸ್‌ರೇ ತೆಗೆಸಿದರೆ ಬಲ ಸೊಂಟದ ಕೀಲು ಪೂರ್ತಿ ಸವೆದುಹೋಗಿತ್ತು. ಇಷ್ಟು ದಿನ ಹೇಗೆ ನಡೆದಾಡಿದರು ಎಂದು ಡಾಕ್ಟರೇ ಆಶ್ಚರ್ಯಪಟ್ಟರು. ಕೀಲು ಬದಲಾಯಿಸದೆ ಬೇರೆ ದಾರಿ ಇರಲಿಲ್ಲ.

ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಡಾಲಸ್‌ನ ಆಸ್ಪತ್ರೆಗೆ ಹೋದಾಗ ಸಂಶೋಧನೆಯ ಕೆಲಸ ನೋಡಿಕೊಳ್ಳುವ ನರ್ಸ್ ಒಬ್ಬರು ಬಂದು ಕೂತರು. ಆಪರೇಷನ್‌ಗೆ ಸೊಂಟದ ಕೆಳಗೆ ಮರಗಟ್ಟಿಸಲು ಹೇಗೂ ಬೆನ್ನಿಗೆ ಸೂಜಿ ಹಾಕುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಔಷಧಿಯನ್ನೂ ಬೆನ್ನುಹುರಿಯ ಹತ್ತಿರ ಕೊಟ್ಟರೆ, ಮುಂದಿನ ವಾರಗಳಲ್ಲಿ ನೋವು ಬೇಗ ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಕೆಲವರಿಗೆ ಔಷಧಿ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರುವುದಿಲ್ಲ, ಚುಚ್ಚುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಮನೆಗೆ ಹೋದ ಮೇಲೆ ಪ್ರತಿ ಸಂಜೆ ಫೋನ್ ಬರುತ್ತದೆ. ಇವತ್ತು ನೋವು ಎಷ್ಟಿತ್ತು, ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಬೇಕು. ಅಷ್ಟೇ.

ಎಲ್ಲವನ್ನೂ ಕನ್ನಡದಲ್ಲಿ ಹೇಳಲು ಆಸ್ಪತ್ರೆಯವರು ಫೋನಿನಲ್ಲಿ ದುಭಾಷಿಯೊಬ್ಬರನ್ನು ಹಿಡಿದು ತಂದಿದ್ದರು. ಅತ್ತೆ ಕೊನೆಯವರೆಗೂ ಕೇಳಿ, ಮಗಳ ಕಡೆ ತಿರುಗಿದರು. "ಅವರು ಏನಂತಾರೆ?"

ನಾನು ಒಳ್ಳೆಯದು ಎಂದೆ. ಅತ್ತೆ ಸಹಿ ಹಾಕಿದರು.

ನನಗೆ ಉತ್ಸಾಹ ಬರಲು ಕಾರಣವಿತ್ತು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವನು. ಬೇರೆಯವರು ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ಪರೀಕ್ಷಿಸಿ, ತಪ್ಪು ಹಿಡಿದು, ಅವರ ಮುಖಕ್ಕೆ ಹಿಡಿಯುವುದು ನನ್ನ ಹೊಟ್ಟೆಪಾಡು. ಡಾಕ್ಟರಿಗೂ ಗೊತ್ತಿಲ್ಲದ ಹಾಗೆ ಔಷಧಿ ಕೊಡುವ ಆ ಏರ್ಪಾಡು ನನಗೆ ಬಹಳ ಹಿಡಿಸಿತು. ಅದೇ ವಾರ ಹತ್ತಿರದ ಊರು ಪ್ರಾಸ್ಪರ್‌ನಲ್ಲಿ ಪರಿಚಯದವರ ಗೃಹಪ್ರವೇಶದ ಊಟಕ್ಕೆ ಹೋಗಿದ್ದಾಗ, ಕೇಳಿದವರಿಗೂ ಕೇಳದವರಿಗೂ "ನಮ್ಮ ಅತ್ತೆ ಒಂದು ದೊಡ್ಡ ಸ್ಟಡಿಯಲ್ಲಿದಾರೆ" ಎಂದು ಹೇಳಿಕೊಂಡು ತಿರುಗಿದೆ. ನಾನೇ ಔಷಧಿ ಕಂಡುಹಿಡಿದಿದ್ದರೂ ಅಷ್ಟು ಬೀಗುತ್ತಿರಲಿಲ್ಲವೇನೋ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೆಂಡತಿ ರಜ ಹಾಕಿ ಮೊದಲ ದಿನಗಳನ್ನು ನೋಡಿಕೊಂಡಳು. ಅವಳ ಆಫೀಸು ಮೂರು ಗಂಟೆ ದಾರಿಯ ಆಸ್ಟಿನ್ನಿನಲ್ಲಿ, ಕಂಪನಿಗಳಿರುವ ಬಡಾವಣೆ ಡೊಮೇನ್‌ನಲ್ಲಿ. ವಾರದ ಮೊದಲ ದಿನಗಳಲ್ಲಿ ಅಲ್ಲಿಗೆ ಹೋಗಲೇಬೇಕೆಂಬ ನಿಯಮ ಬಂದಮೇಲೆ ಸೋಮವಾರ ಹೋದವಳು ಗುರುವಾರ ಬರುತ್ತಿದ್ದಳು. ರಜ ಮುಗಿಯಿತು, ಹೊರಟಳು. ನಮ್ಮ ಮಗಳು ಕಾಲೇಜಿನ ಹಾಸ್ಟೆಲ್‌ನಲ್ಲಿದ್ದಳು. ಮನೆಯಲ್ಲಿ ಉಳಿದದ್ದು ಕೆಳಗಿನ ಕೋಣೆಯಲ್ಲಿ ಅತ್ತೆ, ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ನಾನು. ಹಗಲು ಒಂದಿಷ್ಟು ಹೊತ್ತು ಒಬ್ಬ ಹೆಂಗಸು ಬಂದು ಸ್ನಾನ ಮಾಡಿಸಿ ಹೋಗುತ್ತಿದ್ದಳು.

ಸಂಜೆಯ ಫೋನ್ ಬಂದಾಗ ದುಭಾಷಿಗಾಗಿ ಕಾಯಬೇಕಿತ್ತು. ಕನ್ನಡದವರು ತಕ್ಷಣ ಸಿಗುತ್ತಿರಲಿಲ್ಲ, ಒಮ್ಮೆ ತೆಲುಗಿನವರೇ ಬಂದುಬಿಟ್ಟರು. ನನಗೆ ರೇಗಿತು. ನಾನೇ ಕೇಳಿ ಹೇಳುತ್ತೇನೆ ಎಂದೆ. ಮನೆಯವರ ಮುಂದೆ ಕೆಲವರು ನೋವನ್ನು ಇದ್ದ ಹಾಗೆ ಹೇಳುವುದಿಲ್ಲ, ದುಭಾಷಿಯೇ ಮೇಲು ಎಂದು ಆ ನರ್ಸ್ ಮೆಲ್ಲಗೆ ಹೇಳಿದರು. ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಎಂದು ನಾನು ನಕ್ಕೆ. ಅವರು ಬಿಡದೆ, ರೋಗಿಯ ಇಷ್ಟವೇನು ಕೇಳಿ ಎಂದರು. ಕೇಳಿದರೆ ಅತ್ತೆ, "ಫೋನಿನವರಿಗೆ ಯಾಕೆ ತೊಂದರೆ, ನೀವೇ ಹೇಳ್ಬಿಡಿ" ಎಂದರು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ನಾನು ಫೋನ್ ಹಿಡಿದು ಅವರ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು.

"ಅತ್ತೆ, ಇವತ್ತು ನೋವು ಎಷ್ಟು?"

"ಎರಡು ಅನ್ನಿ."

"ನಿನ್ನೆಗಿಂತ ಕಮ್ಮಿನಾ?"

"ಹೂಂ, ಕಮ್ಮಿ. ಎರಡು ಅನ್ನಿ ಸಾಕು. ನಿಮ್ಮ ಊಟ ಆಯ್ತಾ?"

ನಾನು ಫೋನಿಗೆ ಎರಡು ಎನ್ನುತ್ತಿದ್ದೆ. ನೋವಿನ ಮಾತ್ರೆ ತೆಗೆದುಕೊಂಡರೇ ಎಂದು ಅತ್ತ ಕಡೆಯಿಂದ ಪ್ರಶ್ನೆ. ನೋವಿದ್ದರೆ ಮಾತ್ರ ಕೊಡಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಎರಡಕ್ಕೆ ಯಾರು ಮಾತ್ರೆ ಕೊಡುತ್ತಾರೆ? ಇಲ್ಲ, ಬೇಕಾಗಲೇ ಇಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಡಬ್ಬಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿತ್ತು. ವಾಕರ್ ಹಿಡಿದ ಕೈಗೆ ಎಟುಕುವ ಜಾಗವಲ್ಲ. ಬೇಕೆಂದರೆ ನನ್ನನ್ನೇ ಕೇಳಬೇಕು.

ನಾನು ಕುರುಡನಾಗಿರಲಿಲ್ಲ. "ಎರಡು ಅನ್ನಿ" ಎನ್ನುವಾಗ ಅವರ ಕೈ ಹೊದಿಕೆಯನ್ನು ಗಟ್ಟಿಯಾಗಿ ಹಿಡಿದಿರುವುದನ್ನು ನೋಡಿದ್ದೆ. ಮೇಲ್ತುಟಿಯ ಮೇಲೆ ಬೆವರು ನೋಡಿದ್ದೆ, ಅದೂ ಏಸಿ ಓಡುತ್ತಿರುವ ಕೋಣೆಯಲ್ಲಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಎರಡು ಎಂಬುದನ್ನು ತೆಗೆದುಕೊಂಡು ಮೇಲೆ ಹೋಗುತ್ತಿದ್ದೆ. ಔಷಧಿ ಕೆಲಸ ಮಾಡುತ್ತಿದೆ, ಅತ್ತೆಗೆ ಉಪ್ಪುನೀರಲ್ಲ ಔಷಧಿಯೇ ಸಿಕ್ಕಿದೆ, ಒಪ್ಪಿಸಿದ ನನ್ನ ತೀರ್ಮಾನ ಸರಿಯಾಗಿತ್ತು. ಎರಡು ಎಂಬುದರಲ್ಲಿ ಇಷ್ಟೆಲ್ಲ ಇತ್ತು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಶನಿವಾರ, ಭಾನುವಾರ ಮಾತ್ರ ಫೋನಿನ ಕೆಲಸ ಹೆಂಡತಿಯದು. ಅವಳು ಅಮ್ಮನ ಮಂಚದ ಮೇಲೆ ಕೂತು, ತಲೆ ಸವರುತ್ತಾ ಕೇಳುತ್ತಿದ್ದಳು. ಮೊದಲ ಶನಿವಾರವೇ ಊಟದ ಮೇಜಿಗೆ ಬಂದು ನನ್ನನ್ನು ದಬಾಯಿಸಿದಳು.

"ರೀ, ಅಮ್ಮ ನನ್ನ ಹತ್ರ ಏಳು ಅಂದ್ರು. ನೀವು ವಾರ ಪೂರ್ತಿ ಎರಡು ಎರಡು ಅಂತಿದ್ರಲ್ಲ?"

ಕೇಳುವವರು ಬದಲಾದ ಕೂಡಲೇ ಉತ್ತರ ಬದಲಾಗಿದೆ. ನನ್ನ ಕೈಕೆಳಗಿನ ಹುಡುಗರು ಇಂಥದ್ದನ್ನು ಗಮನಿಸದೆ ಬಿಟ್ಟಿದ್ದರೆ ನಾನು ಅವರನ್ನು ಮೀಟಿಂಗಿನಲ್ಲಿ ನಿಲ್ಲಿಸಿ ನೀರಿಳಿಸುತ್ತಿದ್ದೆ. ಆದರೆ ನನಗೆ ಬಂದದ್ದು ಸಿಟ್ಟು, ಸಿಟ್ಟಿನ ಬೆನ್ನಿಗೇ ತಮಾಷೆ.

"ನೀನು ಬಂದ ತಕ್ಷಣ ನಿಮ್ಮಮ್ಮಂಗೆ ನೋವು ಬರತ್ತೆ, ಸೋಮವಾರ ನೀನು ಹೊರಟ್ರೆ ಹೋಗತ್ತೆ. ಮಗಳ ಕೈಲಿ ಮುದ್ದು ಮಾಡಿಸ್ಕೊಳ್ಳೋ ನೋವು ಅದು. ಅದಕ್ಕೆ ಬೆನ್ನಿಗೆ ಚುಚ್ಚಿದ್ರೆ ಏನು ಬಂತು?"

"ಮೆತ್ತಗೆ ಮಾತಾಡಿ" ಎಂದಳು. ಅತ್ತೆಯ ಕೋಣೆ ಊಟದ ಮೇಜಿನ ಪಕ್ಕದಲ್ಲೇ, ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಸದ್ದೇ ಇರಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡು ಮೊಸರನ್ನ ಕಲಸಿದೆ.

ಮಾರನೆಯ ದಿನ ಭಾನುವಾರ ಅತ್ತೆ ಮಗಳಿಗೂ ಎರಡು ಎಂದರು. ಆಮೇಲಿನ ಎಲ್ಲ ಶನಿವಾರ, ಭಾನುವಾರಗಳಲ್ಲೂ ಎರಡೇ. "ನೋಡಿದ್ಯಾ, ನಾನು ಹೇಳಿರಲಿಲ್ವಾ?" ಎಂದೆ ಹೆಂಡತಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ ಮಾತು ಎಲ್ಲಿಗೂ ಹೋಗಿರಲಿಲ್ಲ, ಅತ್ತೆಯ ಕೋಣೆಯೊಳಗೆ ಹೋಗಿ ಕೂತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಕಾಲು ಬಗ್ಗುತ್ತಿಲ್ಲ, ಇಷ್ಟು ಹೊತ್ತಿಗೆ ವಾಕರ್ ಬಿಟ್ಟು ಕೋಲಿಗೆ ಬರಬೇಕಿತ್ತು, ನೋವು ಇಷ್ಟು ಕಡಿಮೆಯಿದ್ದರೆ ಯಾಕೆ ಹೆಜ್ಜೆ ಹಾಕುತ್ತಿಲ್ಲ ಎಂದು ಆಕೆ ಕೇಳಿದಳು. ವಯಸ್ಸಾದವರ ಸೋಮಾರಿತನ ಎಂದು ನಾನು ಹೇಳಿದೆ. ಹಾಗಂತ ಅತ್ತೆಗೂ ಬುದ್ಧಿ ಹೇಳಿದೆ, ಬಾಗಿಲಲ್ಲೇ ನಿಂತು. "ದಿನಾ ಸ್ವಲ್ಪ ನಡೀಬೇಕು ಅತ್ತೆ, ಹೀಗೆ ಕೂತ್ರೆ ಕಾಲು ಕೂತುಬಿಡತ್ತೆ." ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ವಾಕರ್ ಸದ್ದು ಕೇಳಿತು. ನಾನು ಮೇಲಿನಿಂದಲೇ "ಭೇಷ್" ಎಂದೆ.

ಹೆಂಡತಿಯ ತಂಗಿ ಇರುವುದು ಹ್ಯೂಸ್ಟನ್ನಿನಲ್ಲಿ. ಮಕ್ಕಳಿಗೆ ಸ್ಕೂಲಿಗೆ ರಜ ಬಂದ ಕೂಡಲೇ ಅಮ್ಮನನ್ನು ನೋಡಲು ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಅಂದು ಬುಧವಾರ, ಹೆಂಡತಿ ಆಸ್ಟಿನ್ನಿನಲ್ಲಿದ್ದಳು. ನಾನು ಮೇಲೆ ಮೀಟಿಂಗಿನಲ್ಲಿದ್ದೆ. ಬಾಗಿಲ ಬೀಗದ ನಂಬರು ಅವಳಿಗೆ ಗೊತ್ತಿದ್ದರಿಂದ ಬೆಲ್ ಮಾಡದೆ ಒಳಗೆ ಬಂದಿದ್ದಾಳೆ. ಕೋಣೆಯಲ್ಲಿ ಅಮ್ಮ ಇಲ್ಲ. ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟಿದೆ. ಬಾಗಿಲು ತಳ್ಳಿದರೆ ಅತ್ತೆ ಸಿಂಕ್ ಹಿಡಿದುಕೊಂಡು ನಿಂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಾರೆ. ಅಳುವುದು ಮೇಲೆ ಕೇಳಿಸದಿರಲಿ ಎಂದು ನಲ್ಲಿ ಬಿಟ್ಟಿದ್ದರು.

ನಾನು ಕೆಳಗೆ ಇಳಿಯುವ ಹೊತ್ತಿಗೆ ಅವಳು ಅಮ್ಮನನ್ನು ಮಲಗಿಸಿ, ಕಪಾಟಿನಿಂದ ಡಬ್ಬಿ ಇಳಿಸಿ, ಮಾತ್ರೆ ಕೊಟ್ಟಾಗಿತ್ತು. ಅಡುಗೆಮನೆಗೆ ಬಂದು ಡಬ್ಬಿಯನ್ನು ನನ್ನ ಮುಂದೆ ಇಟ್ಟಳು. ಅದು ಇನ್ನೂ ಹೆಚ್ಚುಕಮ್ಮಿ ತುಂಬಿಯೇ ಇತ್ತು.

"ಭಾವ, ಅಮ್ಮ ದಿನಾ ನಂಗೆ ಫೋನ್ ಮಾಡಿ ಅಳ್ತಿದ್ರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಮಾತ್ರೆ ತಗೊಳ್ತಾ ಇದಾರೆ ಅಂದ್ಕೊಂಡು ನಾನು ಸುಮ್ಮನಿದ್ದೆ."

"ನಾನು ದಿನಾ ಕೇಳ್ತಿದ್ದೆ. ಎರಡು ಅಂತಿದ್ರು."

"ನಿಮ್ಮ ಮುಂದೆ ಅಮ್ಮ ಇನ್ನೂ ಸರಿಯಾಗಿ ಕೂತ್ಕೊಳ್ಳಲ್ಲ. ಅಳಿಯನ ಮುಂದೆ ಸೊಂಟ ನೋವು, ತೊಡೆ ನೋವು ಅಂತಾರಾ? ನೀವು ಕೇಳಿದ್ದೇನು ತಪ್ಪಲ್ಲ ಭಾವ. ನೀವು ಅದನ್ನ ನಂಬಿದ್ರಲ್ಲ, ಅದು ಹೇಗೆ?"

ನಾನು ನಂಬಿರಲಿಲ್ಲ ಎಂಬುದೇ ಉತ್ತರ. ಅದನ್ನು ನಾದಿನಿಯ ಮುಂದೆ ಹೇಳುವ ಧೈರ್ಯವಾಗಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸ್ ಮೊದಲು ಕೇಳಿದ್ದು ಅತ್ತೆ ಈಗ ಹೇಗಿದ್ದಾರೆ ಎಂದು. ಆಪರೇಷನ್ ಮಾಡಿದ ಡಾಕ್ಟರ ಕಡೆಯವರಿಗೆ ಅವರೇ ಹೇಳಿ, ಮಾತ್ರೆಯನ್ನು ಹೊತ್ತು ಹೊತ್ತಿಗೆ ಕೊಡುವ ಹಾಗೆ ಬದಲು ಮಾಡಿಸಿದರು. ಆಮೇಲೆ ಇಷ್ಟು ದಿನದ ಉತ್ತರಗಳ ವಿಷಯಕ್ಕೆ ಬಂದರು. ಸಂಖ್ಯೆಗಳನ್ನು ಈಗ ತಿದ್ದುವಂತಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆದುಕೊಳ್ಳುತ್ತೇವೆ, ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಮೇಲಿನವರು ತೀರ್ಮಾನಿಸುತ್ತಾರೆ ಎಂದರು. ಕೊನೆಗೆ, ಉತ್ತರಗಳನ್ನು ಹೇಳುವಾಗ ನಿಮಗೆ ಅನುಮಾನವಿತ್ತೇ ಎಂದು ಕೇಳಿದರು.

ಇತ್ತು ಎಂದೆ.

ಅವರು ಬೈಯಲಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಜಗಳಕ್ಕೆ ನಿಲ್ಲಬಹುದಿತ್ತು, ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಫೋನ್ ಇಟ್ಟ ಮೇಲೆ ಬೇರೆ ಯೋಚನೆಗಳು ಶುರುವಾದವು. ಇನ್ನಾರೋ, ಎಲ್ಲೋ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಬೆನ್ನೊಡ್ಡುವವರು, ಅತ್ತೆಯಂಥವರು ಹೇಳಿದ ಸಂಖ್ಯೆಗಳನ್ನು ನಂಬಿ ತಾನೇ ಒಡ್ಡುವುದು? ಅದರಲ್ಲಿ ನಾನೂ ಒಂದಿಷ್ಟು ಸುಳ್ಳು ಬೆರೆಸಿದ್ದೆ. ಅತ್ತೆಯ ಬೆನ್ನಿಗೆ ಹೋದದ್ದು ಔಷಧಿಯೋ ಉಪ್ಪುನೀರೋ ನನಗೆ ಈವತ್ತಿಗೂ ಗೊತ್ತಿಲ್ಲ. ಔಷಧಿಯಾಗಿದ್ದರೂ ಅದರ ಗುಣ ತಿಳಿಯದ ಹಾಗೆ ಮಾಡಿದವನು ನಾನು.

ಗುರುವಾರ ಹೆಂಡತಿ ಬಂದಳು. ನಾನೇ ಎಲ್ಲ ಹೇಳಿದೆ, ಊಟದ ಮೇಜಿನ ತಮಾಷೆಯನ್ನೂ ನೆನಪಿಸಿದೆ. ಅವಳು ಕೂಗಾಡಲಿಲ್ಲ. "ಅವತ್ತು ನಾನೂ ನಗಬಾರದಿತ್ತು" ಎಂದಳು. ಅವಳು ನಕ್ಕಿರಲೇ ಇಲ್ಲ. ನನ್ನ ಪಾಲನ್ನು ಸ್ವಲ್ಪ ಹೊತ್ತುಕೊಳ್ಳಲು ಹಾಗಂದಳೆಂದು ಕಾಣುತ್ತದೆ, ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಟ್ಟಿತು.

ಆ ರಾತ್ರಿಯ ಊಟಕ್ಕೆ ಮುಂಚೆ, ಮೊದಲ ಸಲ, ನಾನು ಅತ್ತೆಯ ಕೋಣೆಯ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತೆ. ಅವರು ಗಾಬರಿಯಿಂದ ಏಳಲು ಹೊರಟರು. ಬೇಡ ಎಂದು ಕೈ ಅಡ್ಡ ಹಿಡಿದೆ.

"ಅತ್ತೆ, ನನ್ನಿಂದ ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ಅಯ್ಯೋ, ಹಾಗನ್ನಬೇಡಿ. ನೀವು ಕೇಳಿದ್ರಿ, ನಾನು ಹೇಳಲಿಲ್ಲ." ಅವರು ಗೋಡೆಯ ಕಡೆ ನೋಡುತ್ತಾ ಮಾತಾಡಿದರು. "ನೀವು ಅಷ್ಟು ಹೇಳಿ ಆ ಪರೀಕ್ಷೆಗೆ ಸೇರಿಸಿದ್ರಿ. ನೋವು ಅಂದ್ರೆ ನಿಮ್ಮ ಮಾತಿಗೆ ಕಮ್ಮಿ ಆಗಲ್ವಾ ಅನ್ನಿಸ್ತು. ಈಗ ನೋಡಿ, ಆ ಡಾಕ್ಟರ್ ಕೆಲಸವೂ ಕೆಡಿಸಿದೆ, ನಿಮಗೂ ಮುಖಭಂಗ ಮಾಡಿದೆ."

ನಾನು ಅಲ್ಲ ಅಲ್ಲ ಎಂದೆ. ಅವರಿಗೆ ಅದು ನಾಟಲಿಲ್ಲ. ನನ್ನ ತಪ್ಪನ್ನು ಅವರು ತಮ್ಮದೆಂದು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆಂದರೆ ಬಿಡಿಸಿಕೊಳ್ಳಲು ನನ್ನಿಂದ ಆಗಲೇ ಇಲ್ಲ.

ಅಂದಿನಿಂದ ಸಂಜೆಯ ಫೋನಿಗೆ ಕನ್ನಡದ ದುಭಾಷಿಯೇ ಬರುವ ಹಾಗಾಯಿತು, ಕಾಯಬೇಕಾದರೆ ಕಾಯುತ್ತಿದ್ದೆವು. ಆ ಹೊತ್ತಿಗೆ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು. ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗತೊಡಗಿದ ಮೇಲೆ ಕಾಲು ನಿಧಾನವಾಗಿ ಬಗ್ಗಿತು, ವಾಕರ್ ಹೋಗಿ ಕೋಲು ಬಂತು. ಆದರೆ ಬಲಗಾಲು ಸ್ವಲ್ಪ ಎಳೆಯುವುದು ಮಾತ್ರ ಉಳಿದುಕೊಂಡಿತು. ಮೊದಲ ವಾರಗಳಲ್ಲಿ ವ್ಯಾಯಾಮ ಸರಿಯಾಗಿ ಆಗಿದ್ದರೆ ಇಷ್ಟು ಉಳಿಯುತ್ತಿರಲಿಲ್ಲವೇನೋ ಎಂದು ಫಿಸಿಯೋಥೆರಪಿಸ್ಟ್ ಹೇಳಿದಳು. ಆ ವಾರಗಳನ್ನು ಯಾರು ಹಾಳು ಮಾಡಿದರು ಎಂದು ಆಕೆಗೆ ಗೊತ್ತಿರಲಿಲ್ಲ.

ಈ ಸಲದ ಗೌರಿ ಹಬ್ಬಕ್ಕೆ ಹ್ಯೂಸ್ಟನ್ನಿಗೆ ನಾದಿನಿಯ ಮನೆಗೆ ಹೋಗಿದ್ದೆವು. ಅರಿಶಿನ ಕುಂಕುಮಕ್ಕೆ ಬಂದ ಆಂಟಿಯರು ಅತ್ತೆಯ ಸುತ್ತ ಕೂತು ಆಪರೇಷನ್ ವಿಚಾರಿಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಗಂಡಸರ ಜೊತೆ ಇದ್ದೆ. ಅತ್ತೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು, ನಾನಿಲ್ಲದ ಕಡೆ ಅವರ ದನಿ ದೊಡ್ಡದು.

"ನಮ್ಮ ಅಳಿಯಂದಿರು ಒಂದು ದಿನ ತಪ್ಪಿಸಲಿಲ್ಲ ಕಣ್ರೀ. ಎಷ್ಟೇ ಕೆಲಸ ಇರ್ಲಿ, ಸಂಜೆ ಬಾಗಿಲ ಹತ್ರ ಬಂದು, ಅತ್ತೆ ನೋವು ಎಷ್ಟಿದೆ ಅಂತ ಕೇಳೋರು. ನಮ್ಮ ಯಜಮಾನರು ಇದ್ದಾಗ್ಲೂ ನನ್ನನ್ನ ಯಾರೂ ಹಾಗೆ ಕೇಳಿರಲಿಲ್ಲ. ಯಾರ ಮನೆ ಅಳಿಯ ಕೇಳ್ತಾನೆ ಹೇಳಿ?"

ಒಬ್ಬ ಆಂಟಿ "ಪುಣ್ಯ ಮಾಡಿದೀರಿ" ಎಂದರು. ನನ್ನ ಕೈಯಲ್ಲಿ ಕಾಯಿ ಹೋಳಿಗೆಯ ತಟ್ಟೆಯಿತ್ತು, ಅದನ್ನು ಕೆಳಗಿಟ್ಟೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಅತ್ತೆಯನ್ನು ನಾನು ಹೇಗಿದ್ದೀರಿ ಎಂದು ಕೇಳಿದ್ದು ಆ ಕೆಲವು ವಾರಗಳಲ್ಲಿ ಮಾತ್ರ, ಅದೂ ಆಸ್ಪತ್ರೆಯವರು ಕೇಳಲು ಹೇಳಿದ್ದರಿಂದ. ಆ ಕೇಳಿದ್ದನ್ನೇ ಅವರು ಉಪಕಾರವೆಂದು ಇಟ್ಟುಕೊಂಡಿದ್ದರು.

ವಾಪಸು ಡಾಲಸ್‌ಗೆ ಬರುವಾಗ ಅರ್ಧ ದಾರಿಯಲ್ಲಿ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಹೆಂಡತಿ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅತ್ತೆ ಹಿಂದಿನ ಬಾಗಿಲು ತೆಗೆದು, ಕೋಲೂರಿ, ಇಳಿಯಲು ಒಂದು ಸಲ ಪ್ರಯತ್ನಿಸಿ ಮತ್ತೆ ಕೂತರು.

"ಅತ್ತೆ, ನೋವಿದೆಯಾ?" ಎಂದೆ. ಯಾರೂ ಹೇಳದೆ ನಾನಾಗಿ ಕೇಳಿದ್ದು.

ಅವರು ತಕ್ಷಣ ಸೆರಗು ಎಳೆದುಕೊಂಡರು. "ಏನಿಲ್ಲ, ಏನಿಲ್ಲ. ನೀವು ಹೋಗಿ ಕಾಫಿ ಕುಡೀರಿ, ಡ್ರೈವ್ ಮಾಡಿ ಸುಸ್ತಾಗಿರತ್ತೆ."

ಮುಂದಿನ ಬಾಗಿಲು ತೆಗೆದು ಹೆಂಡತಿಯ ಭುಜ ಅಲುಗಾಡಿಸಿದೆ. "ಏಳು, ಹಿಂದೆ ಹೋಗಿ ಅಮ್ಮನ ಪಕ್ಕ ಕೂತ್ಕೋ. ಕೇಳು. ನಾನು ಒಳಗೆ ಹೋಗಿರ್ತೀನಿ." ಅವಳು ಕಣ್ಣುಜ್ಜಿಕೊಂಡು ನನ್ನ ಮುಖ ನೋಡಿ, ಹಿಂದಿನ ಸೀಟಿಗೆ ಹೋದಳು.

ನಾನು ಅಂಗಡಿಯೊಳಗೆ ಹೋಗಿ ಕಾಫಿ ತೆಗೆದುಕೊಂಡು ಗಾಜಿನ ಹಿಂದೆ ನಿಂತೆ. ಅಲ್ಲಿಗೆ ಮಾತು ಕೇಳುವುದಿಲ್ಲ. ಕಾರಿನ ಬಾಗಿಲು ತೆರೆದೇ ಇತ್ತು. ಅತ್ತೆ ಮಗಳ ಕೈ ಹಿಡಿದು ತಮ್ಮ ಸೊಂಟದ ಮೇಲೆ ಇಟ್ಟುಕೊಂಡು ಏನೋ ಹೇಳುತ್ತಿದ್ದರು, ಬಹಳ ಹೊತ್ತು ಹೇಳಿದರು. ಅವರು ಹೇಳಿ ಮುಗಿಸುವ ತನಕ ನಾನು ಹೊರಗೆ ಬರಲಿಲ್ಲ.